ತಾಯಿಯ ಪದದ ಉಳಿದ ಎರಡು ಪುಟ

ಸಂತೆಕಟ್ಟೆ

ಇಟೆಲಿಯ ಆ ಗುಡ್ಡದ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರಲ್ಲಿ ಒಬ್ಬರಾದರೂ ನೋಡಿಕೊಂಡು ಬರೋಣ ಎಂದು ಹೊರಟುಬಿಟ್ಟಾರು. ಆ ಊರಿಗೆ ಅಷ್ಟು ಉಪಕಾರ ಮಾಡುವ ಮನಸ್ಸು ನನಗಿಲ್ಲ. ಹೋಗಿ ಬಂದು ಎಂಟು ತಿಂಗಳಾದರೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ ಎಂದರೂ ತಪ್ಪಲ್ಲ.

ನಾನು ಕೆಮ್ಮಣ್ಣಿನ ಹೊಳೆಬದಿಯ ಒಂದು ಶಾಲೆಯ ಮಾಸ್ಟ್ರು. ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತೇನೆ. ಬ್ಯಾಂಡಿನ ಯಜಮಾನರು ಬಸ್ತ್ಯಾಂವ್ ಮಾಮ, ನನ್ನ ಹೆಂಡತಿಯ ತಂದೆ. ನಮ್ಮ ಬ್ಯಾಂಡಿನವರು ಹಗಲು ತೆಂಗಿನಮರ ಹತ್ತುವವರು, ದೋಣಿ ನಡೆಸುವವರು, ಗದ್ದೆಯವರು. ಹಬ್ಬ ಬಂದರೆ ಕಾರ್ಕಳದವರೆಗೂ ಹೋಗಿ ಬಾರಿಸಿದ್ದೇವೆ. ಆದರೆ ನಮ್ಮ ಹೆಸರು ಇರುವುದು ಮರಣದ ಬ್ಯಾಂಡಿಗೆ. ಕಾಪುವಿನಿಂದ ಕೂಡ ಜನ ಬಂದು, "ನಿಮ್ಮ ತಾಯಿಯ ಪದ ಬಾರಿಸಬೇಕು ಮಾಸ್ಟ್ರೇ" ಎಂದು ಕರೆದುಕೊಂಡು ಹೋಗುತ್ತಾರೆ.

ಈ ತಾಯಿಯ ಪದವನ್ನು ನಮಗೆ ಕಲಿಸಿದವರು ಇಟೆಲಿಯಿಂದ ಬಂದಿದ್ದ ದೊಡ್ಡ ಪಾದ್ರಿ. ನಾನು ಹುಟ್ಟುವ ಮೊದಲಿನ ಮಾತು. ಅದರ ಕತೆಯನ್ನೂ ಅವರೇ ಹೇಳಿದ್ದು. ಹಿಮದ ದೇಶದಲ್ಲಿ ಒಬ್ಬ ವಿಧವೆ, ಅವಳಿಗೆ ಒಬ್ಬನೇ ಮಗ. ಮಗ ತೀರಿಕೊಂಡಾಗ ಹೆಣ ಹೊರಲು ಒಬ್ಬರೂ ಬರಲಿಲ್ಲ. ತಾಯಿ ಪೆಟ್ಟಿಗೆಯನ್ನು ಹಗ್ಗ ಕಟ್ಟಿ ತಾನೇ ಎಳೆದುಕೊಂಡು ಇಗರ್ಜಿಗೆ ಹೊರಟಳು. ನಾಲ್ಕು ಹೆಜ್ಜೆ ಇಡುತ್ತಾಳೆ, ಉಸಿರು ತೆಗೆದುಕೊಳ್ಳುತ್ತಾಳೆ. ಕೊನೆಗೆ ಮಂಡಿಯೂರಿ ಬೀಳುತ್ತಾಳೆ. ಆ ಜಾಗದಲ್ಲಿ ಪದದಲ್ಲಿ ಎರಡು ಸ್ವರ ಮೇಲಿನಿಂದ ಕೆಳಕ್ಕೆ ಬೀಳುತ್ತವೆ, ಮೂರು ಸಲ. ನಮ್ಮ ಕಡೆ ಹೆಣದ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವುದು ಆ ಮೂರು ಸಲದ ಲೆಕ್ಕಕ್ಕೆ. ಮೊದಲನೆಯದಕ್ಕೆ ಹಗ್ಗ ಸಡಿಲ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಮಣ್ಣು. ಕಲ್ಲಿನಂಥ ಗಂಡಸರೂ ಅಲ್ಲಿ ಅತ್ತುಬಿಡುತ್ತಾರೆ.

ಅಷ್ಟರಲ್ಲಿ ಪದವೂ ಮುಗಿಯುತ್ತದೆ. ಮುಗಿಯುತ್ತದೆ ಎಂದರೆ, ನಮ್ಮಲ್ಲಿದ್ದ ಕಾಗದ ಮುಗಿಯುತ್ತದೆ. ಪಾದ್ರಿ ತಂದ ಪೆಟ್ಟಿಗೆಯಲ್ಲಿ ನಾಲ್ಕು ಪುಟ ಇತ್ತಂತೆ, ಉಳಿದದ್ದು ಬರಲೇ ಇಲ್ಲವಂತೆ. ಮೊದಲ ಪುಟದ ನೆತ್ತಿಯೂ ಹರಿದಿತ್ತು, ಪದದ ಹೆಸರು ಕೂಡ ಇರಲಿಲ್ಲ. ನಾವು ನಡುದಾರಿಯಲ್ಲೇ ವಾದ್ಯ ಕೆಳಗಿಳಿಸುತ್ತೇವೆ.

ನಾಲ್ಕು ವರ್ಷದ ಹಿಂದೆ ನನ್ನ ಸಿಸಿಲಿಯಾಳನ್ನು ಮಣ್ಣಿಗಿಟ್ಟಾಗ ನನ್ನ ತುಟಿಗೆ ಕ್ಲಾರಿನೆಟ್ ನಿಲ್ಲಲಿಲ್ಲ. ಮಾಮ ಮಗಳಿಗೆ ತಾವೇ ಕಾರ್ನೆಟ್ ತುತ್ತೂರಿ ಊದಿದರು, ಒಂದು ಸ್ವರ ತಪ್ಪದೆ. ಆಮೇಲೆ ಅವರ ಎದೆ ಕೆಟ್ಟಿತು. ಮಣಿಪಾಲದ ಡಾಕ್ಟರರು ಇನ್ನು ಊದಬಾರದು ಎಂದರು. ಹಾಗಿರುವಾಗ ರೋಮಿಗೆ ಹೊರಟ ಯಾತ್ರಿಕರ ಗುಂಪಿನಲ್ಲಿ ಒಂದು ಜಾಗ ಖಾಲಿಯಾಗಿ ನನಗೆ ಸಿಕ್ಕಿತು. ಸೂಯೆಜ್ ಕಾಲುವೆ ಮತ್ತೆ ತೆರೆದ ಮರುವರ್ಷ, ಐವತ್ತೆಂಟನೆಯ ಇಸವಿ ಅದು.

ಮಾಮ ಸಂತೆಕಟ್ಟೆಯವರೆಗೆ ನನ್ನ ಜೊತೆ ಬಂದು ಬಸ್ಸು ಬರುವ ತನಕ ಕಲ್ಲಿನ ಮೇಲೆ ಕೂತರು. ನಮ್ಮ ಮನೆಮಾತು ಕೊಂಕಣಿ, ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

"ಕಾಗದದ ಮೇಲೆ ಅವರ ಊರಿನ ಬ್ಯಾಂಡಿನ ಮೊಹರು ಉಂಟು. ಅಲ್ಲಿಗೆ ಹೋಗಿ ಕೇಳು," ಎಂದರು. "ಪೋಪ್ ಸಾಯ್ಬರನ್ನು ನೋಡದಿದ್ದರೂ ತೊಂದರೆ ಇಲ್ಲ ಮಾರಾಯ. ಆ ತಾಯಿ ಮುಂದೆ ಏಳುತ್ತಾಳಾ ಇಲ್ಲವಾ, ಅದನ್ನು ನೋಡಿಕೊಂಡು ಬಾ. ನಲವತ್ತು ವರ್ಷದಿಂದ ಅವಳನ್ನು ಮಂಡಿಯಲ್ಲೇ ಬಿಟ್ಟಿದ್ದೇನೆ. ಸಿಸಿಲಿಯಾಳನ್ನೂ ಹಾಗೇ ಬಿಟ್ಟು ಬಂದೆವು, ಅಲ್ವಾ? ನನ್ನ ಮರಣಕ್ಕೆ ಪದ ಪೂರ್ತಿ ಆಗಬೇಕು."

ಹಡಗಿನಲ್ಲಿ

ಮಂಗಳೂರಿನಿಂದ ಮುಂಬಯಿಗೆ ಕರಾವಳಿಯ ಸ್ಟೀಮರು, ಅಲ್ಲಿಂದ ದೊಡ್ಡ ಹಡಗು. ಹಡಗಿನ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ, ಏಡನ್ನಿನವರೆಗೆ ನಾನು ಕಂಡದ್ದು ತಗಡಿನ ಬಕೆಟ್ಟಿನ ತಳ ಮಾತ್ರ. ಹೊಳೆಬದಿಯಲ್ಲಿ ಹುಟ್ಟಿದವನಿಗೆ ಕಡಲು ಹಿಡಿಯುವುದಿಲ್ಲ ಎಂದು ಊರಲ್ಲಿ ಜಂಬ ಕೊಚ್ಚಿದ್ದೆ. ಕೆಮ್ಮಣ್ಣಿನ ಹೊಳೆಗೂ ಕಡಲಿಗೂ ಇರುವ ವ್ಯತ್ಯಾಸ ಹೊಟ್ಟೆಗೆ ಗೊತ್ತಾಯಿತು.

ಊಟದಲ್ಲಿ ದಿನಾ ಹಿಟ್ಟಿನ ದಾರಗಳು. ಒಂದು ಲೋಟ ಗಂಜಿ ನೀರು ಕೊಡಿ ಎಂದು ಕೈಸನ್ನೆಯಲ್ಲಿ ಬೇಡಿದರೆ ಬಡಿಸುವವನು ಪಿಂಗಾಣಿ ಬಟ್ಟಲಲ್ಲಿ ಬೆಣ್ಣೆ ತಂದಿಟ್ಟ. ಸಂಜೆಗೊಮ್ಮೆ ಮೇಲಿನ ಅಂತಸ್ತಿನಲ್ಲಿ ನಾಲ್ಕು ಜನ ಪಿಟೀಲು ಬಾರಿಸುತ್ತಿದ್ದರು. ಅವರೆದುರು ಕೂತವರು ಇಸ್ಪೀಟು ಆಡುತ್ತಿದ್ದರು. ಕೋಣನ ಮುಂದೆ ಕಿನ್ನರಿ ಎಂದುಕೊಂಡು ಬಾಯಿ ಮುಚ್ಚಿದೆ. ಮುಂದೆ ಕಾದಿರುವುದು ಗೊತ್ತಿದ್ದರೆ ಆ ಇಸ್ಪೀಟಿನವರ ಮೇಲೆ ಸಿಟ್ಟು ಖರ್ಚು ಮಾಡುತ್ತಿರಲಿಲ್ಲ.

ಜಿನೋವಾ

ಹಡಗು ಇಳಿದ ಮರುದಿನ ಮಧ್ಯಾಹ್ನ ನಮ್ಮನ್ನೆಲ್ಲ ಒಂದು ದೊಡ್ಡ ಸಭಾಂಗಣಕ್ಕೆ ಕರೆದುಕೊಂಡು ಹೋದರು. ಎಪ್ಪತ್ತು ಎಂಬತ್ತು ವಾದ್ಯ ಒಟ್ಟಿಗೆ. ಅವರು ಮೊದಲ ಬಿಲ್ಲು ಎಳೆದಾಗ ನನ್ನ ಕೂದಲು ನಿಮಿರಿ ನಿಂತಿತು, ಸುಳ್ಳು ಹೇಳಬಾರದು. ಅಂಥ ನಾದವನ್ನು ನಾನು ಕೇಳಿರಲಿಲ್ಲ.

ಆದರೆ ಕೇಳುವವರನ್ನು ನೋಡಬೇಕು! ಉಡುಪಿಯ ರಥಬೀದಿಯಲ್ಲಿ ಕಚೇರಿ ನಡೆದರೆ ನಾನು ಚಪ್ಪರದ ಹೊರಗಿನಿಂದಲಾದರೂ ಕೇಳುವವನು. ಅಲ್ಲಿ ಜನ ತಲೆದೂಗುತ್ತಾರೆ, ತೊಡೆಯ ಮೇಲೆ ತಾಳ ಹಾಕುತ್ತಾರೆ, ಒಳ್ಳೆಯ ಜಾಗ ಬಂದರೆ "ಭೇಷ್" ಎನ್ನುತ್ತಾರೆ. ಹಾಡುವವರೂ ಅವರ ಮುಖ ನೋಡಿಯೇ ಹಾಡುತ್ತಾರೆ. ಇಲ್ಲಿ ಸಾವಿರ ಜನ ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಕೂತಿದ್ದರು. ನನ್ನ ಕೈ ಅಭ್ಯಾಸಬಲದಿಂದ ತೊಡೆ ತಟ್ಟಿತು. ಪಕ್ಕದ ಹೆಂಗಸು ಆ ಕೈಯನ್ನು ಎರಡು ಬೆರಳಿನಲ್ಲಿ ಎತ್ತಿ, ಬಿದ್ದ ಕರವಸ್ತ್ರ ಕೊಟ್ಟಂತೆ ನನ್ನ ಮಡಿಲಲ್ಲಿ ಇಟ್ಟಳು. ವಾದ್ಯ ನಿಂತಿತೆಂದು ಚಪ್ಪಾಳೆ ಹೊಡೆದೆ. ಅದು ಮುಕ್ಕಾಲು ಮಾತ್ರವಂತೆ. ಸಾವಿರ ತಲೆ ನನ್ನ ಕಡೆ ತಿರುಗಿದವು.

ಪ್ರತಿಯೊಂದು ಕೃತಿಗೂ ಒಂದು ಕತೆಯನ್ನು ಚೀಟಿಯಲ್ಲಿ ಅಚ್ಚು ಹಾಕಿ ಹಂಚಿದ್ದರು. ನಮ್ಮ ಗುಂಪಿನ ಪಾದ್ರಿಗಳು ಓದಿ ಹೇಳಿದರು. ಇದನ್ನು ಬರೆದವನು ಹೆಂಡತಿ ಬಿಟ್ಟುಹೋದ ದುಃಖದಲ್ಲಿದ್ದ, ಇದನ್ನು ಬರೆದವನು ಕಣ್ಣು ಕಾಣದೆ ಗೋಡೆ ತಡಕುತ್ತಿದ್ದ. ನಾನು ಹೆಮ್ಮೆಯಿಂದ, "ನಮ್ಮಲ್ಲಿರುವ ಪದದ ಕತೆ ಇದೆಲ್ಲಕ್ಕಿಂತ ದೊಡ್ಡದು ಫಾದರ್," ಎಂದೆ. ಈ ಮಾತು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಗುಡ್ಡದ ಊರು, ಶನಿವಾರ

ಗುಂಪು ರೋಮಿಗೆ ಹೋಯಿತು. ನಾನು ಮೂರು ದಿನದ ಅಪ್ಪಣೆ ಪಡೆದು, ಮೊಹರಿನಲ್ಲಿದ್ದ ಊರಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ರೈಲು ಹತ್ತಿದೆ. ರೈಲು ಇಳಿದ ಮೇಲೆ ಒಂದು ಬಸ್ಸು. ಬಸ್ಸಿನಲ್ಲಿ ಕೋಳಿಗಳೂ ಇದ್ದವು, ಕಂಡಕ್ಟರನ ಜೊತೆ ಜಗಳವಾಡುವ ಮುದುಕಿಯೂ ಇದ್ದಳು. ಕಾರ್ಕಳದ ಬಸ್ಸಿನಲ್ಲಿ ಕೂತ ಹಾಗೆಯೇ ಆಯಿತು.

ಬ್ಯಾಂಡಿನ ಯಜಮಾನ ಯಾರೆಂದು ಕೇಳಿದ್ದಕ್ಕೆ ನನ್ನನ್ನು ಒಂದು ಕ್ಷೌರದಂಗಡಿಗೆ ತಲುಪಿಸಿದರು. ಅವನ ಹೆಸರು ಜೀನೊ. ಐವತ್ತರ ಆಸುಪಾಸು, ದಪ್ಪ ಮೀಸೆ. ನಾನು "ಇಂಡಿಯಾ" ಎಂದದ್ದೇ ತಡ, ಅರ್ಧ ಕೆನ್ನೆ ಹೆರೆದಿದ್ದ ಗಿರಾಕಿಯನ್ನು ಬಿಟ್ಟು ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ಬೆಂಗಳೂರು! ಬೆಂಗಳೂರು!" ಎಂದ. "ಹಾಲು! ಸಾಕು! ಬೇಗ ಬೇಗ!"

ಯುದ್ಧದಲ್ಲಿ ಸೆರೆಸಿಕ್ಕಿ ನಾಲ್ಕು ವರ್ಷ ಬೆಂಗಳೂರಿನ ಸೆರೆಶಿಬಿರದಲ್ಲಿ ಇದ್ದವನಂತೆ. ಹಾಲು ತರುತ್ತಿದ್ದವನಿಂದ ಕಲಿತ ಕನ್ನಡ ಈ ನಾಲ್ಕು ಮಾತು, ಕಾವಲಿನವರಿಂದ ಕಲಿತದ್ದು ಹರಕು ಇಂಗ್ಲಿಷ್. ನಮ್ಮ ಪಾದ್ರಿಯ ಹೆಸರು ಹೇಳಿದೆ, ನಮ್ಮ ಊರಿನ ಹೆಸರು ಹೇಳಿದೆ. ಜೀನೊ ಬಾಯಿ ತೆರೆದು ನಿಂತವನು ಬೀದಿಗೆ ಹೋಗಿ ಏನೋ ಕೂಗಿದ. ಅಂಗಡಿ ತುಂಬ ಜನ. ಎಲ್ಲರೂ ನನ್ನನ್ನು ಮುಟ್ಟಿ ಮುಟ್ಟಿ ನೋಡಿದರು. ಒಬ್ಬ ಬೇಕರಿಯವನು ನನ್ನ ಕೈಗೆ ರೊಟ್ಟಿ ತುರುಕಿದ. ನಮ್ಮ ಪಾದ್ರಿಯನ್ನು ಈ ಊರು ಎಷ್ಟು ಪ್ರೀತಿಸುತ್ತದೆ ಎಂದು ನನ್ನ ಕಣ್ಣು ತೇವವಾಯಿತು.

ಜೀನೊ ಒಂದು ಕ್ಲಾರಿನೆಟ್ ತಂದುಕೊಟ್ಟು, ಬಾರಿಸು ಎಂದ. ನಾನು ತಾಯಿಯ ಪದವನ್ನು ನಾವು ಬಾರಿಸುವ ಹಾಗೆ ಶುರು ಮಾಡಿದೆ. ನಾಲ್ಕು ಹೆಜ್ಜೆ, ಒಂದು ಉಸಿರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೀನೊ ಕೈ ತಿರುಗಿಸಿ, "ಬೇಗ ಬೇಗ!" ಎಂದ. ಊಟಕ್ಕೆ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದಾನೆ ಎಂದುಕೊಂಡು ನಿಲ್ಲಿಸಿದೆ.

"ನಾಳೆ ಮಧ್ಯಾಹ್ನ ನಮ್ಮ ಕಚೇರಿ ಉಂಟು. ಪೂರ್ತಿ ಕೇಳು. ನಿನಗೆ ಮೊದಲ ಸಾಲು," ಎಂದು ನನ್ನ ಬೆನ್ನು ತಟ್ಟಿದ. ಅವತ್ತು ಮಾಮನಿಗೆ ಕಾಗದ ಬರೆದೆ. ಸಿಕ್ಕಿತು, ನಾಳೆ ಗೊತ್ತಾಗುತ್ತದೆ ಎಂದು.

ಅದೇ ಊರು, ಭಾನುವಾರ

ಊರಿನ ನಾಟಕಶಾಲೆ ಚಿಕ್ಕದು, ಕೆಂಪು ಮಕಮಲ್ಲಿನ ಕುರ್ಚಿಗಳು. ಪೂಜೆ ಮುಗಿಸಿ ಊಟ ಮಾಡಿ ಊರಿಗೆ ಊರೇ ಬಂದು ಕೂತಿತ್ತು. ಮೊದಲು ದೊಡ್ಡವರ ದೊಡ್ಡ ಕೃತಿಗಳು ಎರಡೋ ಮೂರೋ ಆದವು, ಚೆನ್ನಾಗಿಯೇ ಬಾರಿಸಿದರು. ಬ್ಯಾಂಡು ನಡೆಸುವ ಕೋಲನ್ನು ಇನ್ನೊಬ್ಬನಿಗೆ ಕೊಟ್ಟು ಜೀನೊ ನನ್ನ ಪಕ್ಕ ಬಂದು ಕೂತ. ವೇದಿಕೆಗೆ ಪಟ್ಟೆಯ ಕೋಟಿನ ಒಬ್ಬ ಮನುಷ್ಯ ಬಂದು ಕತೆ ಹೇಳಲು ತೊಡಗಿದ. ಜೀನೊ ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಅದನ್ನು ಹೇಳುತ್ತ ಹೋದ.

ಇದು ನಮ್ಮೂರಿನ ಹಳೆಯ ಬ್ಯಾಂಡು ಮೇಷ್ಟ್ರು ಕಟ್ಟಿದ ಪದ. ಒಬ್ಬ ಗಿರಣಿಯವನು ಮದುವೆಗೆ ಹೋಗಿ ಕಂಠಮಟ್ಟ ಕುಡಿದು ಕತ್ತೆಯ ಮೇಲೆ ಮನೆಗೆ ಹೊರಡುತ್ತಾನೆ. ಕತ್ತೆ ನಾಲ್ಕು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ. ಗಿರಣಿಯವನು ಬೀಳುತ್ತಾನೆ. ಕತ್ತೆ ಮೂರು ಸಲ ಅರಚುತ್ತದೆ.

ನಾನು ಇನ್ನೂ ಅರ್ಥ ಮಾಡಿಕೊಂಡಿರಲಿಲ್ಲ. ಯಾವುದೋ ಬೇರೆ ಪದ ಎಂದುಕೊಂಡಿದ್ದೆ.

ಪಟ್ಟೆ ಕೋಟಿನವನು ಜೇಬಿನಿಂದ ಒಂದು ಹಳೆಯ ಕಾಗದ ತೆಗೆದು ಓದಿದ. ನಮ್ಮ ಪಾದ್ರಿ ಹಿಂದೆ ಆ ಮೇಷ್ಟ್ರಿಗೆ ಬರೆದ ಕಾಗದ. ಊರಲ್ಲಿ ಮಾರಿಬೇನೆ, ದಿನಕ್ಕೊಂದು ಹೆಣ. ಹುಡುಗರಿಗೆ ನಾನು ಕಲಿಸಿದ್ದು ನಿಮ್ಮ ಕತ್ತೆಯ ಪದ ಒಂದೇ, ಅದನ್ನೂ ಅವರು ನಿಧಾನವಾಗಿ ಮಾತ್ರ ಊದಬಲ್ಲರು. ಸುಮ್ಮನೆ ಹೂಳಲು ಮನಸ್ಸು ಬರಲಿಲ್ಲ. ಅದನ್ನೇ ಬಾರಿಸಿದೆವು. ಕತೆ ಬೇರೆ ಹೇಳಿದ್ದೇನೆ, ಕೊನೆಯ ಎರಡು ಪುಟ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ, ಯಾಕೆಂದರೆ ಅದರಲ್ಲಿ ಕತ್ತೆ ಓಡುತ್ತದೆ. ದೇವರು ನನ್ನನ್ನೂ ನಿಮ್ಮನ್ನೂ ಕ್ಷಮಿಸಲಿ.

ನಾಟಕಶಾಲೆ ನಗೆಯಿಂದ ಹಾರಿಹೋಗುವಂತಾಯಿತು. ಇದನ್ನು ಅವರು ಪ್ರತಿ ವರ್ಷ ಓದುತ್ತಾರಂತೆ. ಪಟ್ಟೆ ಕೋಟಿನವನು ನನ್ನ ಕಡೆ ಕೈ ತೋರಿಸಿದ. ಜೀನೊ ಖುಷಿಯಿಂದ ನನ್ನ ತೋಳು ಎತ್ತಿ ನಿಲ್ಲಿಸಿದ. ಎಲ್ಲರೂ ನನಗೆ ಚಪ್ಪಾಳೆ ಹೊಡೆದರು. ಕೂಡಲೇ ಬ್ಯಾಂಡು ಶುರುವಾಯಿತು, ನಮ್ಮದರ ನಾಲ್ಕು ಪಟ್ಟು ವೇಗದಲ್ಲಿ. ಸ್ವರಗಳೆಲ್ಲ ಅವೇ. ಒಂದೂ ಬೇರೆಯಲ್ಲ. ಆ ಮೂರು ಸಲದ ಜಾಗ ಬಂತು. ಮಕ್ಕಳು, ಮುದುಕಿಯರು, ಟೋಪಿ ಹಾಕಿದ ಗಂಡಸರು, ಊರಿಗೆ ಊರೇ ತಲೆ ಎತ್ತಿ ಕತ್ತೆಯ ಹಾಗೆ ಅರಚಿತು. ಒಂದು. ಎರಡು. ಮೂರು.

ಮೂರನೆಯದಕ್ಕೆ ನನ್ನ ಸಿಸಿಲಿಯಾಳ ಪೆಟ್ಟಿಗೆ ಮಣ್ಣು ಮುಟ್ಟಿತ್ತು.

ಎದ್ದುನಿಂತು ಕೂಗಿದೆ. ಏನು ಕೂಗಿದೆನೋ! ಕೊಂಕಣಿಯಲ್ಲಿ, ತುಳುವಿನಲ್ಲಿ, ನಡುವೆ ಇಂಗ್ಲಿಷಿನಲ್ಲಿ, ಬಾಯಿಗೆ ಬಂದದ್ದರಲ್ಲಿ ಬೈದೆ. "ನಗ್ತೀರಾ? ನನ್ನ ಹೆಂಡತಿಯನ್ನು ಇದಕ್ಕೆ ಹೂಳಿದ್ದೇವೆ! ನಿಮ್ಮ ಪಾದ್ರಿಯನ್ನೂ ಇದಕ್ಕೇ ಹೂಳಿದ್ದೇವೆ!" ಅದು ನಿಜ. ದೊಡ್ಡ ಪಾದ್ರಿ ತೀರಿಕೊಂಡಾಗಲೂ ನಾವು ಬೇರೆ ಬಾರಿಸಿರಲಿಲ್ಲ. ಜನರಿಗೆ ನನ್ನ ಮಾತು ಒಂದೂ ತಿಳಿಯಲಿಲ್ಲ. ಇದೂ ಆಟದ ಒಂದು ಭಾಗ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಕಾಲು ತುಳಿದರೂ ಸರಿ ಎಂದು ಸಾಲು ದಾಟಿ ಹೊರಗೆ ಬಂದೆ.

ಹೊರಗೆ ಬಂದು ಬಾವಿಕಟ್ಟೆಯ ಮೇಲೆ ಕೂತೆ. ನನಗೆ ಯಾರ ಮೇಲೆ ಸಿಟ್ಟು? ನಗುವವರ ಮೇಲೆ ಸಿಟ್ಟು. ಸಾವಿನ ಮನೆಯವರಿಗೆ ಸುಳ್ಳು ಹೇಳಿದ ಪಾದ್ರಿಯ ಮೇಲೆ ಅದಕ್ಕಿಂತ ಹೆಚ್ಚು. ಮಾರಿಬೇನೆಯ ವರ್ಷ ಬೇರೆ ದಾರಿ ಇರಲಿಲ್ಲ, ಒಪ್ಪಿದೆ. ಬೇನೆ ಹೋದ ಮೇಲೆ ಹೇಳಬಹುದಿತ್ತಲ್ಲ? ಅಷ್ಟು ವರ್ಷ ನಮ್ಮ ನಡುವೆ ಬದುಕಿದರು, ನಮ್ಮ ಗಂಜಿ ಉಂಡರು, ನಾವು ಅಳುವುದನ್ನು ಪಕ್ಕದಲ್ಲೇ ನಿಂತು ನೋಡಿದರು. ತಮ್ಮೂರಿಗೆ ಕಾಗದ ಬರೆದರು, ನಮಗೆ ಹೇಳಲಿಲ್ಲ. ದೂರದ ಊರಿನವರಿಗೆ ಗೊತ್ತು, ಗುಂಡಿಯ ಬಾಯಲ್ಲಿ ನಿಂತವರಿಗೆ ಗೊತ್ತಿಲ್ಲ. ಇದಕ್ಕಿಂತ ದೊಡ್ಡ ಅವಮಾನ ಏನಿದೆ?

ಸ್ವಲ್ಪ ಹೊತ್ತಿನಲ್ಲಿ ಜೀನೊ ಬಂದ. ಟೋಪಿ ಕೈಯಲ್ಲಿತ್ತು. ನನ್ನ ಮುಖ ನೋಡಿ ದೂರವೇ ನಿಂತ. "ನಿನ್ನ ಹೆಂಡತಿ?" ಎಂದು ಕೇಳಿದ. ಹೌದು ಎಂದೆ. ಅವನು ಮೀಸೆ ಕಚ್ಚಿಕೊಂಡ.

"ನಮಗೆ ಅದು ಕಾಗದದ ಊರು. ಅಲ್ಲಿ ಜನ ಇದ್ದಾರೆ ಎಂದು ಅನ್ನಿಸಿರಲಿಲ್ಲ," ಎಂದ. ಸೆರೆಯಲ್ಲಿದ್ದಾಗ ಜೊತೆಗಾರರನ್ನು ಬೆಂಗಳೂರಿನ ಮಣ್ಣಿನಲ್ಲಿ ಹೂಳಿದ್ದು, ಆಗ ಬಾರಿಸಲು ಒಂದು ಪೀಪಿಯೂ ಇಲ್ಲದ್ದು, ಎಲ್ಲ ಹೇಳಿದ. ನಾನು ಕರಗಲಿಲ್ಲ.

"ಇನ್ನು ಆ ಕಾಗದ ಓದಕೂಡದು," ಎಂದೆ.

"ಓದುವುದಿಲ್ಲ. ಆದರೆ ಕತೆ ಕೇಳುತ್ತಾರಲ್ಲ, ಏನು ಹೇಳಲಿ?"

"ನನ್ನ ಹೆಂಡತಿಯ ಹೆಸರು ಸಿಸಿಲಿಯಾ. ಅಷ್ಟು ಹೇಳು."

ಅವನು ಪೆನ್ಸಿಲು ತೆಗೆದು ಆ ಹೆಸರನ್ನು ಅಂಗೈಯಲ್ಲಿ ಬರೆದುಕೊಂಡ. ಆಮೇಲೆ ಕಂಕುಳಿಂದ ಆರು ಪುಟದ ಪೂರ್ತಿ ಪ್ರತಿಯನ್ನು ತೆಗೆದು ಕಟ್ಟೆಯ ಮೇಲೆ ಇಟ್ಟು ಹೋದ. ಎಸೆದುಬಿಡಬೇಕೆಂದು ಕೈಯೆತ್ತಿದೆ, ಮಾಮನ ಮುಖ ನೆನಪಾಗಿ ಬಿಟ್ಟೆ.

ಕೆಮ್ಮಣ್ಣು

ರೋಮಿನಲ್ಲಿ ಏನೇನು ನೋಡಿದೆನೋ ನನಗೆ ಸರಿಯಾಗಿ ನೆನಪಿಲ್ಲ. ಊರಿಗೆ ಮರಳುವ ಹಡಗಿನಲ್ಲಿ ಒಂದು ಉಪಾಯ ಹೊಳೆಯಿತು. ಕೊನೆಯ ಎರಡು ಪುಟವನ್ನು ಬೇರೆ ಕಾಗದದಲ್ಲಿ ನಾನೇ ನಕಲು ಮಾಡಿ, ಮೂಲವನ್ನು ಕಡಲಿಗೆ ಹಾಕಿಬಿಡುವುದು. ಮಾಮನಿಗೆ ಏನೂ ಗೊತ್ತಾಗುವುದಿಲ್ಲ. ಪೆನ್ನು ತೆರೆದು ಎರಡು ಸಾಲು ಬರೆದೂ ಬರೆದೆ. ಮುಂದೆ ಕೈ ಓಡಲಿಲ್ಲ. ಪಾದ್ರಿ ಮಾಡಿದ್ದನ್ನು ತಪ್ಪು ಎಂದು ಬೈದವನು ಅದೇ ಸುಳ್ಳಿಗೆ ನನ್ನ ಕೈಬರಹ ಕೊಡುವುದು ಹೇಗೆ? ಬರೆದದ್ದನ್ನು ಹರಿದು ಹಾಕಿದೆ.

ಮನೆಗೆ ಬಂದಾಗ ಮಾಮ ಮಂಚ ಹಿಡಿದಿದ್ದರು. ಎದೆಯಲ್ಲಿ ಗೊರಗೊರ. ಪ್ರಯಾಣ ಹೇಗಾಯಿತು ಎಂದು ಕೇಳಲಿಲ್ಲ, ಕೈ ಚಾಚಿದರು. ನಾನು ಪ್ರತಿಯನ್ನು ಕೊಟ್ಟೆ. ಕನ್ನಡಕ ಹಾಕಿಕೊಂಡು ಮೊದಲ ಪುಟ ನೋಡಿದರು. ಅವರಿಗೆ ಇಟೆಲಿಯ ಭಾಷೆ ಬಾರದು. ಆದರೆ ಬ್ಯಾಂಡಿನವನಿಗೆ ಹಾಳೆಯ ನೆತ್ತಿಯಲ್ಲಿ ಬರೆಯುವ ನಡೆಯ ಮಾತುಗಳು ಬಾರದೆ ಇರುತ್ತದೆಯೇ?

"ಅಲೆಗ್ರೊ," ಎಂದು ಓದಿದರು. ನನ್ನನ್ನು ನೋಡಿದರು. "ಇದು ಓಡುವ ನಡೆ. ಇದು ಎಂತ ಮಾರಾಯ?"

ಹೇಳಿದೆ. ಗಿರಣಿಯವನು, ಕತ್ತೆ, ಪಾದ್ರಿಯ ಕಾಗದ, ಎಲ್ಲ. ಹೇಳುತ್ತ ಹೇಳುತ್ತ ನನ್ನ ಸ್ವರ ಏರಿತು. ಪಾದ್ರಿ ನಮಗೆ ಮೋಸ ಮಾಡಿದರು, ನಾಳೆಯೇ ಇಗರ್ಜಿಯ ಬಾಗಿಲಲ್ಲಿ ನಿಂತು ಊರಿಗೆಲ್ಲ ಹೇಳುತ್ತೇನೆ, ಈ ಪದವನ್ನು ಇನ್ನು ಯಾರಿಗೂ ಬಾರಿಸಕೂಡದು ಎಂದು ಮೇಜು ಗುದ್ದಿದೆ. ಮಾಮ ಕೇಳಿದರು:

"ಆ ಮೂರು ಸಲದ ಜಾಗದಲ್ಲಿ ಅವರು ನಕ್ಕರಾ?"

"ಅರಚಿದರು ಮಾಮ. ಕತ್ತೆಯ ಹಾಗೆ."

ಕಣ್ಣು ಮುಚ್ಚಿಕೊಂಡರು. ಗಲ್ಲದ ಮೇಲೆ ನೀರು ಇಳಿಯಿತು. ಆಮೇಲೆ ಕೊನೆಯ ಎರಡು ಪುಟ ತೆಗೆದು ಮಂಚದ ಅಂಚಿನಲ್ಲಿ ಬೆರಳು ಬಡಿಯುತ್ತ ಗುನುಗಲು ಶುರು ಮಾಡಿದರು, ನಮ್ಮ ನಡೆಯಲ್ಲಿ. ನಾಲ್ಕು ಹೆಜ್ಜೆ, ಒಂದು ಉಸಿರು. ಉಸಿರು ಸಾಲದೆ ನಡುನಡುವೆ ನಿಂತರು. ಕತ್ತೆ ಕೊಟ್ಟಿಗೆಗೆ ಓಡುವ ಜಾಗದಲ್ಲಿ ಸ್ವರಗಳು ಒಂದೊಂದೇ ಮೇಲಕ್ಕೆ ಹತ್ತುತ್ತವೆ. ಆ ಮುದುಕರು ಅವನ್ನು ಒಂದೊಂದಾಗಿ ಹತ್ತಿದರು. ಕೊನೆಯದರಲ್ಲಿ ಬೆರಳು ನಿಂತಿತು.

"ಎದ್ದಳು," ಎಂದರು.

"ಮಾಮ, ಅವಳು ಇರಲೇ ಇಲ್ಲ."

"ನೀನು ಅಲ್ಲಿ ಕೇಳಿದ್ದು ಅವರದ್ದು. ಕತ್ತರಿ ಕೊಡು."

ಹೊಲಿಗೆಯ ಪೆಟ್ಟಿಗೆಯಿಂದ ಕತ್ತರಿ ತಂದುಕೊಟ್ಟೆ. ಮಾಮ ಮೊದಲ ಪುಟದ ನೆತ್ತಿಯನ್ನು, ಪದದ ಹೆಸರು, ಮೇಷ್ಟ್ರ ಹೆಸರು, ಅಲೆಗ್ರೊ ಎಲ್ಲ ಸೇರಿಸಿ, ಉದ್ದಕ್ಕೆ ಕತ್ತರಿಸಿ ತೆಗೆದರು. ಆ ಪಟ್ಟಿಯನ್ನು ನನ್ನ ಕೈಗಿಟ್ಟರು. ಪುಟಗಳನ್ನು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು.

ನನಗೆ ಮೈ ಉರಿಯಿತು. "ನೀವೂ ಪಾದ್ರಿಯ ಕೆಲಸವನ್ನೇ ಮಾಡಿದಿರಲ್ಲ! ಊರಿಗೆ ಹೇಳಬಾರದಾ ಹಾಗಾದರೆ?"

"ಹೇಳು. ಹೇಳಬಾರದು ಅಂತ ನಾನೆಲ್ಲಿ ಹೇಳಿದೆ?" ಎಂದರು. "ನನ್ನನ್ನು ಹೂಳಿದ ಮೇಲೆ ಹೇಳು. ನನಗೆ ಪೂರ್ತಿ ಬಾರಿಸಿ ಆಮೇಲೆ ಹೇಳು."

ಅವರನ್ನು ಹೂಳಿ ಮೂರು ವಾರವಾಯಿತು. ಕಾರ್ನೆಟ್ ಊದುವವರಿಲ್ಲದೆ ಆ ಜಾಗವನ್ನು ನಾನು ಕ್ಲಾರಿನೆಟ್ಟಿನಲ್ಲಿ ಹಿಡಿದೆ. ಪೆಟ್ಟಿಗೆ ಇಳಿದ ಮೇಲೆ ನಾವು ನಿಲ್ಲಿಸಲಿಲ್ಲ. ಪದ ಮುಂದುವರಿದದ್ದನ್ನು ಕೇಳಿ, ಮಣ್ಣು ಹಿಡಿದು ನಿಂತ ಜನ ಕೈ ತಡೆದು ಕಾದರು. ಸ್ವರ ಮೇಲಕ್ಕೆ ಹತ್ತಿತು. ಒಬ್ಬರೂ ನಗಲಿಲ್ಲ. ಗುಂಡಿಯ ಪಕ್ಕ ಕೂತಿದ್ದ ನನ್ನ ಮುದುಕಿ ತಾಯಿ, ಕಿವಿ ಮಂದವಾದವಳು, ಪಕ್ಕದವರ ತೋಳು ಹಿಡಿದು ತನ್ನಷ್ಟಕ್ಕೆ ಎದ್ದು ನಿಂತಳು.

ಈಗ ಇದನ್ನು ಬರೆದು ಹೇಳಿದ್ದೇನೆ. ಮುಂದಿನ ಮರಣಕ್ಕೆ ಬ್ಯಾಂಡು ಬೇಕೋ ಬೇಡವೋ ಊರವರೇ ನಿಶ್ಚಯಿಸಲಿ. ನನ್ನದಕ್ಕೆ ಬಾರಿಸಿ.